ಎರಡು ಬಕೆಟ್ ನಿಂತ ನೀರು

ರಬ್ಬರ್ ಕೊಳವೆಯ ಒಂದು ತುದಿ ಮೀನಿನ ತೊಟ್ಟಿಯಲ್ಲಿ, ಇನ್ನೊಂದು ಖಾಲಿ ಬಕೆಟಿನಲ್ಲಿ. ಮಂಡಿಯೂರಿ ತಳದ ಕೊಳೆ ಎಳೆಯುತ್ತಿದ್ದಾಗಲೇ ಅವಳ ಕಣ್ಣಿಗೆ ಬಿದ್ದದ್ದು, ಒಂದು ಮೀಸೆ ಮೀನಿನ ರೆಕ್ಕೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಇನ್ನೊಂದರ ಮೈಮೇಲೆ ಎರಡು.

ಹೆಬ್ಬೆರಳುದ್ದದ ಆರು ಮೀನುಗಳು. ಯಾರ ತಂಟೆಗೂ ಹೋಗದೆ, ಮರಳಿಗೆ ಮೂತಿಯಿಟ್ಟು ಮೀಸೆಯಿಂದ ತಡಕುತ್ತ ತಳದಲ್ಲೇ ಓಡಾಡುವ ಜೀವಗಳು. ಆಗೊಮ್ಮೆ ಈಗೊಮ್ಮೆ ಒಂದು ಸರ್ರನೆ ಮೇಲೇರಿ ಗುಟುಕು ಗಾಳಿ ಕುಡಿದು ಇಳಿಯುತ್ತದೆ. ಕಣ್ಣು ಮಿಟುಕಿಸಿದ ಹಾಗೆಯೂ ಮಾಡುತ್ತವೆ. ಕನ್ನಡಕದ ಕಾರ್ಖಾನೆಯಲ್ಲಿ ದಿನವಿಡೀ ಗಾಜು ಉಜ್ಜಿ ಬರುವ ಅವಳಿಗೆ ಅದನ್ನು ನೋಡುತ್ತ ಕೂತರೆ ದಣಿವು ಇಳಿಯುತ್ತಿತ್ತು.

ಅತ್ತೆ ಅವಕ್ಕೆ ಇಟ್ಟ ಹೆಸರು 'ಕಸ ಗುಡಿಸೋರು'.

"ಅವು ತೊಟ್ಟಿ ಗುಡಿಸ್ತಾವೆ ಅಂತ ನೀನು ತಂದೆ. ಈಗ ನೋಡಿದ್ರೆ ನೀನೇ ಅವುಗಳ ಮನೆ ಗುಡಿಸ್ತಿದೀಯ. ಯಾರಿಗೆ ಯಾರಮ್ಮ ಆಳು?"

ನೀರು ಚೆಲ್ಲಿ ಕಾಲು ಜಾರುತ್ತದೆ ಎಂಬುದು ಅತ್ತೆಯ ನಿತ್ಯದ ದೂರು. ಕೇಳಿ ಕೇಳಿ ಸಾಕಾಗಿ, ಬರುವ ಭಾನುವಾರ ಮೀನುಗಳನ್ನು ಅಂಗಡಿಗೆ ಹಿಂದಿರುಗಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಕಾಯಿಲೆಯಲ್ಲಿ ಕಳಿಸಬಾರದು ಅನ್ನಿಸಿತು. ಚುಕ್ಕೆಗೆ ಉಪ್ಪು ಒಳ್ಳೆಯದೆಂದು ಕೆಲಸದಲ್ಲಿ ಯಾರೋ ಹೇಳಿದ್ದರು. ಕೊಳವೆ ತೆಗೆದಿಟ್ಟು, ಅಡುಗೆಮನೆಯಿಂದ ಎರಡು ಹಿಡಿ ಕಲ್ಲುಪ್ಪು ತಂದು ಹಾಕಿ ಕೆಲಸಕ್ಕೆ ಓಡಿದಳು. ತೊಟ್ಟಿಗೆಂದು ಹಿಂದಿನ ದಿನವೇ ಹಿಡಿದಿಟ್ಟಿದ್ದ ಎರಡು ಬಕೆಟ್ ನೀರು ಬಚ್ಚಲಲ್ಲಿ ಹಾಗೇ ಉಳಿಯಿತು. ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ಹೋಗಲು ಒಂದು ದಿನ ನಿಲ್ಲಬೇಕು. ನಿಂತ ನೀರೇ ಅವಕ್ಕೆ ಆಗುವುದು.

ಮಧ್ಯಾಹ್ನ ಮೀನಿನ ಅಂಗಡಿಯವನಿಗೆ ಫೋನ್ ಮಾಡಿದಳು.

"ಎಷ್ಟು ಹಾಕಿದ್ರಿ ಅಕ್ಕಾ?"

"ಎರಡು ಹಿಡಿ."

"ಅಯ್ಯಯ್ಯೋ! ಮೀನು ಸಾಕ್ತಿದೀರೋ, ಉಪ್ಪಿನಕಾಯಿ ಹಾಕ್ತಿದೀರೋ? ಬೇರೆ ಮೀನು ತಡ್ಕೊಳ್ಳುತ್ವೆ, ಈ ಮೀಸೆಯವಕ್ಕೆ ಅಷ್ಟು ಉಪ್ಪು ಆಗಿಬರಲ್ಲ. ಈಗಲೇ ಅರ್ಧ ನೀರು ತೆಗೆದು, ನಿಂತ ನೀರು ನಿಧಾನಕ್ಕೆ ಹಾಕಿಸಿ. ಸಂಜೆವರೆಗೂ ಬಿಟ್ರೆ ನಾನು ಹೇಳೋಕಾಗಲ್ಲ."

ಗಂಡ ಲಾರಿ ಓಡಿಸಿಕೊಂಡು ಊರಾಚೆ ಹೋಗಿದ್ದ. ಮನೆಯಲ್ಲಿ ಇರುವವರು ಅತ್ತೆಯೊಬ್ಬರೇ. ಅವರಿಗೇ ಫೋನ್ ಮಾಡಿ, ತಡವರಿಸುತ್ತ ಎಲ್ಲ ಹೇಳಿದಳು.

"ನನ್ನ ಮಂಡಿ ಬಗ್ಗಲ್ಲ, ಬಕೆಟ್ ಎತ್ತೋಕಾಗಲ್ಲ. ನಿನ್ನ ಕಸ ಗುಡಿಸೋರಿಗೆ ನಾನೇನು ಆಯಾನಾ?" ಎಂದರು ಅತ್ತೆ. ಫೋನ್ ಕಟ್ಟಾಯಿತು.

ರಜೆ ಕೇಳಿದರೆ ಮೇಲಿನವರು ಕೊಡಲಿಲ್ಲ. ಮೀನಿಗೆ ಹುಷಾರಿಲ್ಲ ಎಂದರೆ ಯಾರು ಕೊಡುತ್ತಾರೆ?

ಸಂಜೆ ಚಪ್ಪಲಿ ಕೂಡ ಬಿಡದೆ ತೊಟ್ಟಿಯ ಮುಂದೆ ನಿಂತಳು. ಒಂದು, ಎರಡು, ಮೂರು... ಎಣಿಸಿದಳು. ಐದು. ಗಾಜಿಗೆ ಮುಖ ತಂದು ಹುಡುಕಿದಳು. ಎಲೆಯ ಹಿಂದಿನಿಂದ ಆರನೆಯದು ಚಿಮ್ಮಿ ಗಾಳಿ ಕುಡಿದು, ಮತ್ತೆ ಮರಳಿಗೆ ಮೂತಿಯಿಟ್ಟಿತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಉಪ್ಪು ಇದ್ದೂ ಇಲ್ಲದ ಹಾಗಿತ್ತು.

ಬಚ್ಚಲಲ್ಲಿ ಎರಡೂ ಬಕೆಟ್ ಖಾಲಿ.

"ಅತ್ತೇ, ಇಲ್ಲಿದ್ದ ನೀರು?"

"ಬಟ್ಟೆ ಒಗೆದೆ," ಎಂದರು ಅತ್ತೆ, ಕುರ್ಚಿಯಿಂದ ತಲೆ ಎತ್ತದೆ. "ಹಿಡಿದಿಟ್ಟ ನೀರಿಗೆ ನಿನ್ನ ಹೆಸರು ಬರೆದಿತ್ತಾ?"

ಹಗ್ಗದ ಮೇಲೆ ಒಂದು ಕರವಸ್ತ್ರವೂ ಇರಲಿಲ್ಲ. ಬಚ್ಚಲಿನಿಂದ ತೊಟ್ಟಿಯವರೆಗೆ ನೆಲ ಒರೆಸಿದ ಗುರುತು. ಅತ್ತೆಯ ಸೆರಗಿನ ತುದಿ ಇನ್ನೂ ಹಸಿ; ಎರಡೂ ಕೈಯಿಂದ ಮಂಡಿ ನೀವಿಕೊಳ್ಳುತ್ತಿದ್ದರು. ಅಡುಗೆಮನೆಯ ಚಿಕ್ಕ ಚೊಂಬು ಬಚ್ಚಲ ಕಟ್ಟೆಯ ಮೇಲಿತ್ತು. ಬಾಗಿಸಿದಳು. ತಳದಲ್ಲಿ ನಾಲ್ಕೈದು ಕಾಳು ತೊಟ್ಟಿಯ ಮರಳು. ಎರಡು ಬಕೆಟ್ ನೀರು ಈ ಚೊಂಬಿನಲ್ಲಿ ಎಂದರೆ ಎಷ್ಟು ಸಲ ಆ ಕಾಲು ನಡೆದಿರಬೇಕು!

ಥ್ಯಾಂಕ್ಸ್ ಎಂದರೆ ಅತ್ತೆ ಸಿಡುಕುತ್ತಾರೆ. ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಾಚುತ್ತಾರೆ ಕೂಡ.

"ಬಟ್ಟೆ ಒಗೆದು ಸುಸ್ತಾಗಿದೀರ. ಎಣ್ಣೆ ಬಿಸಿ ಮಾಡಿ ಮಂಡಿಗೆ ಹಚ್ಚಲಾ ಅತ್ತೆ?"

"ಹಚ್ಚು," ಎಂದರು ಅತ್ತೆ. ಆಮೇಲೆ, ಗೋಡೆ ನೋಡುತ್ತ, "ಆ ಎರಡು ಚುಕ್ಕೆಯವನು ಏನೂ ತಿಂದಿಲ್ಲ, ನೋಡು."

ಎಣ್ಣೆ ಹಚ್ಚಿ ಎದ್ದಮೇಲೆ ಅವಳು ನಾಳೆಗೆ ನೀರು ಹಿಡಿಯಲು ಹೋದಳು. ಬಕೆಟುಗಳನ್ನು ಬೋರಲು ಹಾಕಿ, ಅಟ್ಟದಿಂದ ಐದು ಸಣ್ಣ ಡಬ್ಬಿ ಇಳಿಸಿ ನೀರು ತುಂಬಿದಳು. ಒಂದೊಂದನ್ನೂ ಒಂದೇ ಕೈಯಲ್ಲಿ ಎತ್ತಿ ನೋಡಿ, ಭಾರವೆನಿಸಿದ್ದರಿಂದ ಸ್ವಲ್ಪ ನೀರು ಚೆಲ್ಲಿ, ಅತ್ತೆಗೆ ಬಗ್ಗದೆ ಕೈಗೆಟುಕುವ ಹಾಗೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಭಾನುವಾರ ಮೀನು ಹಿಂದಿರುಗಿಸುವ ಮಾತನ್ನು ಅವಳು ಮನಸ್ಸಿನಲ್ಲೇ ಅಳಿಸಿಹಾಕಿದಳು.