ದೊಬ್ರವ್ವ ಎಂಬ ದೇವಿ

ಮುಂಬಯಿಯ ಭಾಂಡುಪ್‌ನ ಚಾಳಿನಲ್ಲಿ ದೊಬ್ರವ್ವನ ಹೆಸರು ಕೇಳಿ ಸುಮ್ಮನಿದ್ದವರು ಯಾರೂ ಇಲ್ಲ. ಅರ್ಥ ಕೇಳಿದವರಿಗೆಲ್ಲ ಅಪ್ಪ ನೀಲಕಂಠಪ್ಪನದು ಒಂದೇ ಉತ್ತರ: "ನಮ್ಮ ಕಡೀ ಒಂದು ದೇವೀ ಹೆಸರ್ರೀ." ಇಪ್ಪತ್ತೊಂದು ವರ್ಷ ಆ ಮಾತು ನಡೆದುಹೋಯಿತು, ೧೯೬೮ರ ಆ ರವಿವಾರ ದಾದರ್‌ನಿಂದ ಭಾಗವ್ವ ಬರುವ ತನಕ.

ಭಾಗವ್ವ ಹುಡುಗನ ತಾಯಿ. ಮಗ ಗುರಲಿಂಗಪ್ಪ ಹೋದ ವಾರವೇ ಬಂದು ಹೆಣ್ಣು ನೋಡಿಹೋಗಿದ್ದ. ಅವನ ನಗೆಗೆ ದೊಬ್ರವ್ವ ಅಂದೇ ಸೋತಿದ್ದಳು.

ಭಾಗವ್ವ ಅವಲಕ್ಕಿ ತಿಂದು ಕೈ ಒರೆಸಿಕೊಂಡಳು. "ಯಾವ ಊರ ದೇವಿರೀ? ಲಗ್ನಕ್ಕ ಮೊದಲ ಒಂದು ಕಾಯಿ ಒಡಸೂಣು."

ನೀಲಕಂಠಪ್ಪನಿಗೆ ಚಹಾ ನೆತ್ತಿಗೇರಿತು. "ಅದು... ಘಟಪ್ರಭಾ ದಂಡೀಗೆ... ಗುಡಿ ಹೊಳ್ಯಾಗ ಮುಳುಗೇತ್ರಿ."

"ಗುಡಿ ಮುಳುಗೇತೋ, ನಿಮ್ಮ ಮಾತ ಮುಳುಗೇತೋ? ಖರೇ ಹೇಳ್ರಿ. ಹುಟ್ಟಿದ ಕೂಸು ಉಳೀಲಿಲ್ಲಂದ್ರ, ದೃಷ್ಟಿ ತಾಗಬಾರದಂತ ಮುಂದಿನದಕ್ಕ ತಿಪ್ಪವ್ವ, ಕಲ್ಲವ್ವ ಅಂತಾರ. ಇದೂ ಅಂಥಾ ಹೆಸರೇನು? ಎಷ್ಟು ಕೂಸು ಕಳಕೊಂಡೀರಿ? ಹಂಗಿದ್ರ ಈ ಸಂಬಂಧ ನಾ ಒಲ್ಲೆ."

ಪರದೆಯ ಹಿಂದೆ ದೊಬ್ರವ್ವ ಚಹಾದ ಬಸಿ ಕೆಳಗಿಟ್ಟು ಅವ್ವನತ್ತ ನೋಡಿದಳು. ಅವಳವ್ವ ಇಂದ್ರಾಬಾಯಿ ಸೆರಗು ಸಿಕ್ಕಿಸಿಕೊಂಡು ಹೊರಗೆ ನಡೆದಳು.

"ಒಂದೂ ಕಳಕೊಂಡಿಲ್ಲವ್ವಾ. ಇಕಿನ್ನ ಕಳಕೊಳ್ತಿದ್ದೆ. ಕೊಲ್ಲಾಪುರದ ಹತ್ರ ವಳಿವಡೆಯೊಳಗ ಪೋಲಂಡಿನ ಮಂದಿ ಕ್ಯಾಂಪ್ ಇತ್ತು; ಲಡಾಯಿಗೆ ಅಂಜಿ ಊರು ಬಿಟ್ಟು ಬಂದವರು. ನಾ ಅಲ್ಲಿ ಹಾಲು ಹಾಕ್ತಿದ್ದೆ. ಒಂದಿನ ಅಲ್ಲೇ ಬ್ಯಾನಿ ಸುರುವಾತು. ಕೂಸು ಅಡ್ಡ ಕುಂತಿತ್ತು. ಅಲ್ಲಿಯ ನರ್ಸಬಾಯಿ ತಿರುವಿ ತಗದ್ಲು. ಆಕಿ ಹೆಸರು ದೊಬ್ರಾವಾ. ಅವರೊಳಗೂ ಅಪರೂಪದ ಹೆಸರಂತ. ಸಾವಿರ ವರ್ಷದ ಹಿಂದ ಅವರ ಮೊದಲ ರಾಜಾನ್ನ ಲಗ್ನಾಗಿ ಬ್ಯಾರೆ ನಾಡಿಂದ ಬಂದ ರಾಣೀದಂತ. 'ದೊಬ್ರಾ' ಅಂದ್ರ ಅವರ ಮಾತಿನ್ಯಾಗ ಒಳ್ಳೇಕಿ. ಪರಧರ್ಮದಾಕಿ ಹೊಕ್ಕಳ ಹುರಿ ಕೊಯ್ದ್ಲಂದ್ರ ಮಂದಿ ಏನಂತಾರೋ ಅಂತ ಇವರು ದೇವೀನ ಹುಟ್ಟಿಸಿದ್ರು. ಹೆಸರು ಮಾತ್ರ ನಾ ಬಿಡಲಿಲ್ಲ."

ಭಾಗವ್ವ ಇಂದ್ರಾಬಾಯಿಯ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

"ತವರಮನ್ಯಾಗ ನಾನs ತಿಪ್ಪವ್ವ. ನನಗಿಂತ ಮೊದಲಿನ ನಾಕು ಕೂಸು ಹೋಗಿದ್ವು. ದೃಷ್ಟಿ ತಪ್ಪಸಾಕ ಒಂದು ಮೊರ ತೌಡು ಕೊಟ್ಟು ನನ್ನ ಕೊಂಡಂಗ ಮಾಡಿದ್ರಂತ. ನನ್ನ ಹೊಟ್ಟೀವೂ ಎರಡು ಹೋದ್ವು. ಅದಕ್ಕ ಅಂಜಿಕಿ." ಒಮ್ಮೆಲೇ ಪರದೆಯತ್ತ ತಿರುಗಿ ಕೂಗಿದಳು: "ಏ ಒಳ್ಳೇಕಿ, ಹೊರಗ ಬಾ! ಲಗ್ನದಾಗ ಅಕ್ಕಿ ಮ್ಯಾಲೆ ಸೊಸೀಗೆ ಹೊಸ ಹೆಸರು ಬರಸೂ ರೂಢಿ ನಮ್ಮದು. ನಿಂದು ಇದ್ದದ್ದs ಬರಸೂಣು."

ಇಪ್ಪತ್ತೊಂದು ವರ್ಷ ದೇವಿಯನ್ನು ಹೊತ್ತಿದ್ದ ನೀಲಕಂಠಪ್ಪ ಗೋಡೆಗೆ ಒರಗಿ ಉದ್ದ ಉಸಿರು ಬಿಟ್ಟ. ದೊಬ್ರವ್ವ ಚಹಾ ತಂದಿಟ್ಟಳು.

"ಬೀಗರs," ಎಂದಳು ಭಾಗವ್ವ, ಚಹಾ ಊದುತ್ತ, "ಆ ಹೊಳ್ಯಾಗಿನ ದೇವಿಗೂ ಒಂದು ಕಾಯಿ ಒಡಸಿಬಿಡ್ರಿ. ಇಷ್ಟು ವರ್ಷ ದುಡದಾಳ, ಪಾಪ!"