ಗಿಡ್ಡ ಕಾವಿನ ಕೊಡಲಿ

"ಕೊಡಲಿ ಎಲ್ಲಮ್ಮಾ?" ಎನ್ನುತ್ತ ಊರಿನ ಅಸಿಲ್ಬೆಕ್ ಸೌದೆ ಕೊಟ್ಟಿಗೆಯ ಬಾಗಿಲು ತಳ್ಳುವಷ್ಟರಲ್ಲಿ ಮೀರಿಮ್ ಚಹಾದ ತಟ್ಟೆ ಹಿಡಿದುಕೊಂಡೇ ಓಡಿಬಂದು ಅಡ್ಡ ನಿಂತಳು.

"ನಿಮ್ಮನೆಯಿಂದಲೇ ಒಂದು ತರಿಸಿ ಅಣ್ಣಾ. ಇಲ್ಲಿರೋದು ಮೊಂಡಾಗಿದೆ."

"ನಮ್ಮನೆ ಇರೋದು ಹೊಳೆ ಆಚೆ. ಅಷ್ಟರಲ್ಲಿ ಕಡಾಯಿ ತಣ್ಣಗಾಗುತ್ತೆ. ಬೇಯಬೇಕಾಗಿರೋದು ಸಾವಿನೂಟದ ಕುದುರೆ ಮಾಂಸ ತಾಯಿ, ನಿನ್ನ ಚಹಾ ನೀರಲ್ಲ." ಅವನು ಒಳಗೆ ಇಣುಕಿದ. "ಅಲ್ಲಾ, ನಿಮ್ಮಾವನಿಗೆ ಈ ವರ್ಷ ಏನು ಬಂತು? ಊರಿಗೆಲ್ಲ ಮೊದಲು ಸೌದೆ ಒಟ್ಟೋ ಮನುಷ್ಯ. ಅರ್ಧಕ್ಕರ್ಧ ದಿಮ್ಮಿ ಸೀಳದೇ ಬಿದ್ದಿವೆ!"

"ಅತ್ತೆಗೆ ಹುಷಾರಿರಲಿಲ್ಲವಲ್ಲ."

"ಕಾಯಿಲೆ ಅವರಿಗೆ. ಕೊಡಲಿಗೇನಾಗಿತ್ತು?"

ಮೀರಿಮ್ ಅಂಗಳದ ಕಡೆ ತಿರುಗಿದಳು. ಅಲ್ಲಿನ ಕಂಬಳಿ ಗುಡಾರದಲ್ಲಿ, ತೀರಿಕೊಂಡ ಅತ್ತೆ ಬುರುಲ್‌ಳನ್ನು ಮಲಗಿಸಿದ್ದರು. ಹೆಣ್ಣುಮಕ್ಕಳು ಗುಡಾರದ ಗೋಡೆಗೆ ಮುಖ ಮಾಡಿ ಹಾಡಿ ಹಾಡಿ ಅಳುತ್ತಿದ್ದರು. ಹೊರಗೆ ಗಂಡಸರು ಪದ್ಧತಿಯಂತೆ ಉದ್ದನೆಯ ಊರುಗೋಲುಗಳ ಮೇಲೆ ಭಾರ ಬಿಟ್ಟು, ಸಾಲಾಗಿ ನಿಂತು ಗೋಳಿಡುತ್ತಿದ್ದರು. ಮಾವ ಮೊಲ್ದೊಬೈ ಮಾತ್ರ ಆ ಸಾಲಿಗೆ ಸೇರಿರಲಿಲ್ಲ. ಯಾರೋ ಕೊಟ್ಟ ಕೋಲನ್ನು ಗೋಡೆಗೊರಗಿಸಿ, ದಿಮ್ಮಿಯೊಂದರ ಮೇಲೆ ಸುಮ್ಮನೆ ಕೂತಿದ್ದ.

*

ಮದುವೆಯಾಗಿ ಬಂದ ಮೊದಲ ಚಳಿಗಾಲ ಮೀರಿಮ್ ನಸುಕಿನಲ್ಲೇ ಕೆಂಡಕ್ಕೆ ಚಕ್ಕೆ ತರಲು ಕೊಟ್ಟಿಗೆಗೆ ಹೋಗಿದ್ದಳು. ಬಾಗಿಲು ಒಳಗಿನಿಂದ ಹಾಕಿತ್ತು. ಸಂದಿಯಲ್ಲಿ ನೋಡಿದರೆ, ಅತ್ತೆ ಲಂಗ ಎತ್ತಿ ಕಟ್ಟಿ ಕೊಡಲಿ ಬೀಸುತ್ತಿದ್ದಾಳೆ! ಸೀಳಿದ್ದನ್ನು ಮಾವ ಎಡಗೈಯಲ್ಲಿ ಆಯ್ದು, ತೊಗಟೆ ಮೇಲಾಗಿ ಒಟ್ಟುತ್ತಿದ್ದಾನೆ. ಕುದುರೆಯಿಂದ ಬಿದ್ದಾಗಿನಿಂದ ಅವನ ಬಲಭುಜ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಊರಿಗೆ ಅದು ಗೊತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಬುರುಲ್ ಒಂದು ಹಿಡಿ ಚಕ್ಕೆಪುಡಿ ಬಾಚಿ ಗಂಡನ ಕೋಟಿನ ಮೇಲೆ ಚೆಲ್ಲಿದಳು.

"ಈಗ ಹೋಗಿ, ಬೀದಿಗೆ ಮುಖ ತೋರಿಸಿ ಬನ್ನಿ. ಒಂಚೂರು ಏದುಸಿರು ಬಿಡಿ, ಮರೀಬೇಡಿ."

"ನಿನ್ನ ನಾಟಕ ಸಾಕು ಮಾರಾಯ್ತಿ," ಎಂದು ಅವನು ನಕ್ಕ.

ಬಾಗಿಲು ತೆರೆದಾಗ ಎದುರಿಗೆ ಸೊಸೆ. ಬುರುಲ್ ಗದರಲಿಲ್ಲ. "ನೋಡಿದ್ದು ಕಣ್ಣಲ್ಲೇ ಇರಲಿ ಮಗಳೇ. ನಾಲಿಗೆಗೆ ಇಳಿಯೋದು ಬೇಡ," ಎಂದಳು.

ಅಂದಿನಿಂದ ಅದು ಇಳಿದಿರಲಿಲ್ಲ.

*

"ಸಿಕ್ತು!" ಅಸಿಲ್ಬೆಕ್ ಅವಳ ಪಕ್ಕದಿಂದ ನುಗ್ಗಿ ಕೊಡಲಿ ಎತ್ತಿಕೊಂಡೇ ಬಿಟ್ಟ. ತಿರುಗಿಸಿ ನೋಡಿದ. "ಇದೇನಿದು, ಮಕ್ಕಳ ಆಟದ್ದಾ?"

ಅಲಗೇನೋ ಫಳಫಳ ಹೊಳೆಯುತ್ತಿತ್ತು. ಕಾವು ಮಾತ್ರ ಒಂದು ಮೊಳಕ್ಕಿಂತ ತುಸು ಹೆಚ್ಚು, ಅಷ್ಟೆ. ಹಿಡಿಯುವ ಜಾಗದಲ್ಲಿ ಸವೆದು ಸಪೂರವಾಗಿತ್ತು.

ಅವನು ಅದನ್ನು ಎತ್ತಿ ಹಿಡಿದು ಅಂಗಳಕ್ಕೆ ನಡೆದ. ಮೀರಿಮ್ ಬೆನ್ನಿಗೇ ಓಡಿದಳು. ಇವತ್ತೊಂದು ದಿನ ಮಾವನ ಮರ್ಯಾದೆ ಉಳಿದರೆ ಸಾಕಿತ್ತು ಅವಳಿಗೆ.

"ಮೊಲ್ದೊಬೈ ಅಣ್ಣಾ, ಆನೆಯಂಥಾ ಆಳು ನೀವು. ಇದರಲ್ಲಿ ಹೇಗೆ ಸೀಳ್ತಿದ್ರಿ? ನಾನಾದ್ರೆ ಸೊಂಟ ಮುರಕೊಳ್ತಿದ್ದೆ!"

ಸಾಲಿನಲ್ಲಿ ಒಂದಿಬ್ಬರು ತಿರುಗಿ ನೋಡಿದರು.

"ಅದು ನಂದು ಅಣ್ಣಾ," ಎಂದಳು ಮೀರಿಮ್. "ಚಕ್ಕೆ ಮಾಡೋಕೆ ಇಟ್ಟುಕೊಂಡಿದ್ದು."

"ಬೇಡ ಮಗಳೇ." ಮೊಲ್ದೊಬೈ ಎದ್ದು ನಿಂತು ಎಡಗೈ ಚಾಚಿದ. "ಕೊಡಪ್ಪಾ ಇಲ್ಲಿ. ಬುರುಲ್ ಕೈಯಳತೆಗೆ ನಾನೇ ಕತ್ತರಿಸಿದ್ದು."

ಅಸಿಲ್ಬೆಕ್ ಕಾವನ್ನು ನೋಡಿದ, ಕೊಟ್ಟಿಗೆಯ ಕಡೆ ನೋಡಿದ. ಕೊಡಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮುದುಕನಿಗೆ ಕೊಟ್ಟ. ಟೋಪಿ ಎಳೆದುಕೊಂಡು, ತನ್ನ ಮನೆಯ ಕೊಡಲಿ ತರಲು ಹೊಳೆಯ ಕಡೆ ಹೊರಟ.

ಮೊಲ್ದೊಬೈ ಸಾಲಿನ ಕೊನೆಗೆ ಹೋಗಿ ನಿಂತ. ಕೊಡಲಿಯ ತಲೆಯನ್ನು ಹಿಮಕ್ಕೂರಿ, ಕಾವಿನ ತುದಿಯ ಮೇಲೆ ಕೈಯಿಟ್ಟ. ಉಳಿದವರೆಲ್ಲ ಉದ್ದನೆಯ ಕೋಲುಗಳ ಮೇಲೆ ನೆಟ್ಟಗೆ ನಿಂತು ಅಳುತ್ತಿದ್ದರು. ಅವನೊಬ್ಬ ಮಾತ್ರ ನಡು ಮುರಿದವನಂತೆ, ನೆಲ ಮುಟ್ಟುವಷ್ಟು ಬಾಗಿದ. ಬಾಗಿದ ಆ ಬೆನ್ನನ್ನೇ ಮೀರಿಮ್ ನೋಡುತ್ತ ನಿಂತಳು. ಕರಿಯ ಕೋಟು. ಅದರ ಮೇಲೆ ಒಂದೇ ಒಂದು ಚಕ್ಕೆಪುಡಿಯೂ ಇರಲಿಲ್ಲ.