ಟ್ರೌಟ್‌ನರ್ ಸಂಗ್ರಹದ ಹಸಿರು ಕಾಯಿ

ಪ್ಲಮ್ ಕೇಕಿನ ವಾಸನೆ, ಅಂದರೆ ಫ್ರಾವ್ ಟ್ರೌಟ್‌ನರ್ ಬಂದಾಯಿತು, ಲಿಫ್ಟ್ ಇಳಿದು ಹೊರಗೆ ಕೋಟು ಬಿಚ್ಚುತ್ತಿರಬೇಕು, ದಾಖಲೆಗಳ ಹತ್ತಿರ ತಿಂಡಿ ತರಬಾರದೆಂದು ಅವನ್ನು ನೋಡಿಕೊಳ್ಳುವ ವೀಬ್ಕೆಯೇ ಹೇಳಬೇಕು, ಆದರೆ ಇವತ್ತು ನಿಯಮದ ಮಾತೆತ್ತುವ ಮುಖ ಅವಳಿಗೆಲ್ಲಿದೆ — ಮೇಜಿನ ಮೇಲೆ ರಟ್ಟಿನ ಬೋರ್ಡು, ಪೆನ್ಸಿಲ್ಲಿನಲ್ಲಿ ಬರೆದ ಪೆಗ್ನಿಟ್ಸ್ ನದಿ, ನಡುವೆ ಒಂದು ಸೇತುವೆ, ಪಕ್ಕದಲ್ಲಿ ಆಟದ ಕಾಯಿ ತುಂಬಿದ ಪುಟ್ಟ ಚೀಲಗಳು, ಕೆಂಪು ಕೆಂಪಿನೊಡನೆ, ಹಸಿರು ಹಸಿರಿನೊಡನೆ, ಎಷ್ಟು ಅಚ್ಚುಕಟ್ಟು. ಹೊಸ ಹೊಸ ಆಟ ರಚಿಸುವವರ ಕಾಗದಪತ್ರ ಕಾಪಾಡುವ ಈ ಸಂಗ್ರಹಾಲಯಕ್ಕೆ ಆನ್ಸೆಲ್ಮ್ ಟ್ರೌಟ್‌ನರ್ ಸತ್ತ ಮೇಲೆ ಬಂದ ಪೆಟ್ಟಿಗೆಗಳನ್ನೆಲ್ಲ ಅವರ ಮನೆಗೆ ಹೋಗಿ ತುಂಬಿಸಿದ್ದು ಅವಳೇ, ಹೆಂಡತಿ ಫ್ರಾವ್ ಟ್ರೌಟ್‌ನರ್ ಆಗ ತಮ್ಮ ತಂಗಿಯ ಮನೆಯಲ್ಲಿದ್ದರು, ಬೀಗದ ಕೈ ಪಕ್ಕದವರ ಹತ್ತಿರ, ಕಿಟಕಿಯ ಬಳಿ ಅರ್ಧಕ್ಕೆ ನಿಂತ ಆಟ, ಮೊದಲು ಫೋಟೊ ಆಮೇಲೆ ಕೈ ಎಂದು ಹೊಸಬರಿಗೆ ಪಾಠ ಹೇಳುವವಳೇ ಅವಳು, ಆದರೂ ಕೈ ತಾನಾಗಿ ಕಾಯಿ ಎತ್ತಿತು, ಬಣ್ಣ ಬಣ್ಣಕ್ಕೆ ಚೀಲ ತುಂಬಿತು, ಚಿಕ್ಕಂದಿನ ಆ ಮನೆ, ಅಮ್ಮ ಅಡುಗೆಮನೆಯಿಂದ ಕೂಗುತ್ತಾಳೆ, ಕಾಯಿ ಎಲ್ಲ ಬೇರೆ ಬೇರೆ ಮಾಡಿ ಇಡ್ರೇ, ಇಲ್ಲಾಂದ್ರೆ ಪುಡ್ಡಿಂಗ್ ಇಲ್ಲ, ಅಷ್ಟು ಹಿಂದಿನ ಪುಡ್ಡಿಂಗಿನ ಆಸೆ ಈಗ ಕೈಕೊಟ್ಟಿತು. ಆಮೇಲೆ ಮೆತ್ತನೆಯ ಬ್ರಷ್, ಇಡೀ ಚಳಿಗಾಲದ ಧೂಳು, ಧೂಳಿನ ನಡುವೆ ಕಾಯಿ ನಿಂತಿದ್ದ ಕಡೆಯಲ್ಲೆಲ್ಲ ಗುಂಡಗೆ ಶುಭ್ರ ಗುರುತು, ಎಡದಿಂದ ಬ್ರಷ್ ಬರುತ್ತದೆ, ಗುರುತು ಹೋಗುತ್ತದೆ.

ನಿನ್ನೆ ಫೋನಿನಲ್ಲಿ ಫ್ರಾವ್ ಟ್ರೌಟ್‌ನರ್ ಅಂದದ್ದು, ನನ್ನ ಗಂಡಂಗೆ ಸೋಲೋದು ಅಂದ್ರೆ ಆಗ್ತಾನೇ ಇರ್ಲಿಲ್ಲ ಕಣಮ್ಮ, ಅದಕ್ಕೇ ಆಟ ಮಾಡ್ತಿದ್ದ, ನಿಯಮ ತಾನೇ ಬರೀಬಹುದಲ್ಲ, ಅವತ್ತು ಒಂದೇ ಒಂದು ಹಸಿರು ಕಾಯಿ ಸೇತುವೆ ದಾಟಿಸ್ಬಿಟ್ಟು, ವಾಪಸ್ ತಗೋತೀನಿ ಅಂದ, ಆಗಲ್ಲ, ಇಟ್ಟಿದ್ದು ಇಟ್ಟಿದ್ದೇ ಅಂತ ಕಾಫಿ ಮಾಡಕ್ಕೆ ಎದ್ದು ಹೋದೆ, ಬಂದು ನೋಡಿದ್ರೆ ನೆಲದ ಮೇಲೆ ಬಿದ್ದಿದ್ದಾನೆ, ಆ ಮೇಜಿನ ಕಡೆ ತಿರುಗೋ ಧೈರ್ಯ ಬರ್ಲಿಲ್ಲ, ಬಾಗಿಲು ಹಾಕ್ಬಿಟ್ಟೆ, ಈಗ ಒಂದು ಸಲ ನೋಡ್ಬೇಕು, ನಾನು ಆ ಕಡೆ ಹೋದಾಗ ಕಾಯೀನ ಕದ್ದು ಸೇತುವೆ ಈಚೆಗೆ ಇಟ್ಟನಾ ಅಂತ, ಇಟ್ಟಿದ್ರೆ ಕಳ್ಳ ಅಂತ ಬೈದು ನೆಮ್ಮದಿಯಾಗಿ ಮನೆಗೆ ಹೋಗ್ತೀನಿ, ಇಲ್ಲಾಂದ್ರೆ ಅವನು ಕೇಳಿದ ಕೊನೇ ಮಾತು ನಂದು, ಆಗಲ್ಲ ಅನ್ನೋದು. ಮೇಲಧಿಕಾರಿ ಕೋಲ್ಬ್ ಬೆಳಿಗ್ಗೆ ಇದನ್ನು ಕೇಳಿ ನಕ್ಕುಬಿಟ್ಟರು, ಕಾಯೀನ ಈಚೆ ಇಟ್ಬಿಡಿ ವೀಬ್ಕೆ, ಯಾರ ಗಂಟೇನು ಹೋಗತ್ತೆ, ಪಾಪ ಮುದುಕಿ — ಇಟ್ಟರೆ ನಾಳೆ ಯಾರೋ ಸಂಶೋಧಕ ಬರೆಯುತ್ತಾನೆ, ಟ್ರೌಟ್‌ನರ್ ತಮ್ಮ ಕೊನೆಯ ನಡೆಯನ್ನು ಹಿಂತೆಗೆದುಕೊಂಡರು, ಸುಳ್ಳಿಗೂ ಒಂದು ಪೆಟ್ಟಿಗೆ, ಒಂದು ಸಂಖ್ಯೆ, ನೂರು ವರ್ಷದ ಆಯುಸ್ಸು.

ಆಕೆ ಕೂತಿದ್ದಾರೆ, ಕೇಕಿನ ಡಬ್ಬಿ ತೊಡೆಯ ಮೇಲೆ, ಏನಮ್ಮ ಬೋರ್ಡು ಖಾಲಿ, ಈಗ ಜೋಡಿಸ್ತೀರಾ, ವೀಬ್ಕೆಯ ಬೆರಳಲ್ಲಿ ಒಂದು ಹಸಿರು ಕಾಯಿ, ಸೇತುವೆಯ ಈಚೆ ಇಳಿಸಿದರೆ ಸಾಕು, ಆಕೆಯ ತುಟಿ ಆಗಲೇ ನಗುವುದಕ್ಕೆ ತಯಾರಾಗಿದೆ — ಕಾಯಿ ಎಲ್ಲಿತ್ತೋ ಗೊತ್ತಿಲ್ಲ ಫ್ರಾವ್ ಟ್ರೌಟ್‌ನರ್, ನಾನೇ ಎತ್ತಿಟ್ಟೆ, ಫೋಟೊ ತೆಗೀಲಿಲ್ಲ, ಧೂಳೂ ಒರೆಸ್ಬಿಟ್ಟೆ. ಆಕೆ ಬಯ್ಯಬಾರದೇ, ಬಯ್ಯುವುದಿಲ್ಲ, ವೀಬ್ಕೆಯ ಮಣಿಕಟ್ಟು ಹಿಡಿದುಕೊಂಡು ಕೇಳುತ್ತಾರೆ, ಒರೆಸೋ ಮುಂಚೆ ನೋಡಿರ್ತೀರಲ್ಲಮ್ಮ, ನೆನಪು ಮಾಡ್ಕೊಳ್ಳಿ. ನೋಡಿದ್ದಳು, ನೋಡಿಯೇ ಇದ್ದಳು, ಕಣ್ಣು ಮುಚ್ಚುತ್ತಾಳೆ, ಕಿಟಕಿ, ಬೋರ್ಡು, ನದಿ, ಸೇತುವೆಯ ಅಂಚಿನಲ್ಲಿ ಗುಂಡಗೆ ಒಂದು ಶುಭ್ರ ಗುರುತು, ಈಚೆಯೋ, ಆಚೆಯೋ, ಇನ್ನೇನು ಕಂಡಿತು, ಎಡದಿಂದ ಬ್ರಷ್ — ಮತ್ತೆ ಕಿಟಕಿ, ಬೋರ್ಡು, ಧೂಳು, ಎಡದಿಂದ ಬ್ರಷ್ —